ನಾಲಾಂಚಿರದ ದಂಪತಿ

ದಂಪತಿಗಳ ಬಗ್ಗೆ ಬರೆಯುವುದು ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವುದಕ್ಕಿಂತ ಕಷ್ಟ. ಇಬ್ಬರು ಸೇರಿ ಮಾಡಿದ ಕೆಲಸವನ್ನು ಲೋಕ ಒಬ್ಬರ ಹೆಸರಿನ ಖಾತೆಗೆ ಜಮೆ ಮಾಡಿಬಿಡುತ್ತದೆ. ಇನ್ನೊಬ್ಬರಿಗೆ ‘ಅವರ ಸಾಧನೆಯ ಹಿಂದಿನ ಶಕ್ತಿ’ ಎಂಬ ಗೌರವದ ಮಾತೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ಅಭಿನಂದನ ಗ್ರಂಥಗಳಲ್ಲಿ, ನುಡಿನಮನದ ಸಭೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೆ! ಹಿಂದೆ ನಿಂತವರು ಏನು ಮಾಡುತ್ತಿದ್ದರು, ಅವರು ನಿಜವಾಗಿಯೂ ಹಿಂದೆಯೇ ಇದ್ದರೇ ಎಂದು ಯಾರೂ ಕೇಳುವುದಿಲ್ಲ. ಕೇರಳದಲ್ಲಿ ಕಳೆದ ವರುಷಗಳಲ್ಲಿ ಈ ಪ್ರಶ್ನೆ ನನ್ನನ್ನು ಮತ್ತೆ ಮತ್ತೆ ಕಾಡಿದೆ. ಅದಕ್ಕೆ ಕಾರಣರಾದವರು ನಾನು ಎಂದೂ ಮುಖತಃ ಕಾಣದ ಇಬ್ಬರು ದಂಪತಿಗಳು. ಒಬ್ಬರು ಕೊಚ್ಚಿಯ ನೆಲದಿಂದ ಬಂದವರು, ಇನ್ನೊಬ್ಬರು ತಿರುವನಂತಪುರದಲ್ಲಿ ಬಾಳಿದವರು.

ನಾನು ಕಾಸರಗೋಡಿನ ಕನ್ನಡದವಳು. 1956ರ ನವೆಂಬರ್ ಒಂದರಂದು ನಮ್ಮ ಊರು ಕೇರಳಕ್ಕೆ ಸೇರಿದ ಮೇಲೆ ನಮ್ಮವರಿಗೆ ರಾಜಧಾನಿಯೆಂದರೆ ತಿರುವನಂತಪುರ. ಒಂದು ಅರ್ಜಿಗೆ ಮೊಹರು ಬೀಳಬೇಕೆಂದರೂ ಮಂಗಳೂರಿನಿಂದ ಬರುವ ರಾತ್ರಿಯ ರೈಲು ಹತ್ತಬೇಕು. ಕಾಸರಗೋಡಿನಲ್ಲಿ ಹತ್ತಿದರೆ ಬೆಳಗಾಗುವಾಗ ರಾಜ್ಯದ ಇನ್ನೊಂದು ತುದಿ. ಉದ್ಯೋಗದ ಕಾರಣದಿಂದ ನಾನು ಮೊದಲು ಕೊಚ್ಚಿಯಲ್ಲಿ, ಆಮೇಲೆ ತಿರುವನಂತಪುರದಲ್ಲಿ ನೆಲೆಸಬೇಕಾಯಿತು. ‘ನಾಡು ಎವಿಡೆಯಾ?’ ಎಂದು ಯಾರಾದರೂ ಕೇಳಿದರೆ ‘ಕಾಸರಗೋಡು’ ಎನ್ನುತ್ತಿದ್ದೆ. ‘ಓ, ಅಷ್ಟು ದೂರವೇ?’ ಎಂಬ ಉತ್ತರ ಬರುತ್ತಿತ್ತು. ನಾವು ಅದೇ ರಾಜ್ಯದವರು ಎಂಬುದು ಅವರಿಗೂ ಆ ಕ್ಷಣ ಮರೆತಿರುತ್ತಿತ್ತು, ನನಗೂ.

ಕೊಚ್ಚಿಯಲ್ಲಿದ್ದಾಗ ಮುಳವುಕಾಡ್ ದ್ವೀಪವನ್ನು ದಿನವೂ ನೋಡುತ್ತಿದ್ದೆ. ಎರ್ನಾಕುಳಂ ದಡದಲ್ಲಿ ನಿಂತರೆ ಹಿನ್ನೀರಿನ ಆಚೆ ಹಸಿರಾಗಿ ಕಾಣುವ ಉದ್ದನೆಯ ನೆಲ ಅದು. ಪ್ರವಾಸಿಗಳಿಗೆ ಗೊತ್ತಿರುವುದು ಅದರ ದಕ್ಷಿಣದ ತುದಿಯ ಬೋಳ್ಗಾಟಿ ಅರಮನೆ ಮಾತ್ರ. ಅದೇ ದ್ವೀಪದಲ್ಲಿ 1912ರಲ್ಲಿ ಒಂದು ಪುಲಯ ಕುಟುಂಬದಲ್ಲಿ ದಾಕ್ಷಾಯಣಿ ಹುಟ್ಟಿದರು. ಮರುವರುಷ, 1913ರಲ್ಲಿ, ಕೊಚ್ಚಿಯ ಪುಲಯರು ಹಿನ್ನೀರಿನ ಮೇಲೆ ದೋಣಿಗಳನ್ನು ಜೋಡಿಸಿ ಕಟ್ಟಿ ಸಭೆ ನಡೆಸಿದರು. ನೆಲದ ಮೇಲೆ ಸಭೆ ಸೇರಲು ಅವರಿಗೆ ಅವಕಾಶವಿರಲಿಲ್ಲ. ನೀರಿನ ಮೇಲೆ ಸೇರಬಾರದೆಂದು ಯಾರೂ ಹೇಳಿರಲಿಲ್ಲ. ‘ಕಾಯಲ್ ಸಮ್ಮೇಳನ’ ಎಂದು ಕೇರಳದ ಇತಿಹಾಸದಲ್ಲಿ ಅದಕ್ಕೆ ಹೆಸರು. ಆ ನೀರನ್ನು ನೋಡುತ್ತಾ ಬೆಳೆದ ಹುಡುಗಿ ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, 1935ರಲ್ಲಿ ಪದವಿ ಪಡೆದರು. ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಮುಟ್ಟಗೊಡದೆ ದೂರದಿಂದಲೇ ನೋಡಿ ಕಲಿಯುವಂತೆ ಮಾಡಿದ್ದರಂತೆ. ಹಾಗೆ ಕಲಿತವರು 1946ರಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯೆಯಾದರು. ಆ ಸಭೆಯಲ್ಲಿದ್ದ ಹದಿನೈದು ಮಹಿಳೆಯರಲ್ಲಿ ದಲಿತ ಮಹಿಳೆ ಅವರೊಬ್ಬರೇ. ಆಗ ಅವರಿಗೆ ವಯಸ್ಸು ಮೂವತ್ತನಾಲ್ಕು.

ಅವರ ಮದುವೆಯ ಕತೆ ನನಗೆ ತಿಳಿದದ್ದು ತಡವಾಗಿ. 1940ರ ಸೆಪ್ಟೆಂಬರಿನಲ್ಲಿ, ವಾರ್ಧಾದ ಸೇವಾಗ್ರಾಮದಲ್ಲಿ, ಗಾಂಧೀಜಿ ಮತ್ತು ಕಸ್ತೂರಬಾ ಅವರ ಎದುರಿನಲ್ಲಿ ಅವರು ಆರ್. ವೇಲಾಯುಧನ್ ಅವರನ್ನು ವಿವಾಹವಾದರು. ಪುರೋಹಿತರ ಸ್ಥಾನದಲ್ಲಿ ಕುಳಿತು ಮದುವೆ ನಡೆಸಿಕೊಟ್ಟವರು ಕುಷ್ಠರೋಗಿಯೊಬ್ಬರು. ಊರಿನಿಂದ ಹೊರಗಿಡಲ್ಪಟ್ಟ ಸಮುದಾಯದ ಇಬ್ಬರನ್ನು, ಎಲ್ಲ ಸಮುದಾಯಗಳೂ ಹೊರಗಿಡುವ ರೋಗಿಯೊಬ್ಬರು ಹರಸಿದರು. ನಮ್ಮಲ್ಲಿ ಮುಹೂರ್ತಕ್ಕೆ ಮುನ್ನ ಯಾರು ಎದುರಿಗೆ ಬರಬೇಕು, ಯಾರು ಬರಬಾರದು ಎಂಬ ಲೆಕ್ಕಾಚಾರ ಇಂದಿಗೂ ಮುಗಿದಿಲ್ಲ. ಆ ಹಿನ್ನೆಲೆಯಲ್ಲಿ ಈ ಮದುವೆಯನ್ನು ನೆನೆದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಾಚಿಕೆ ಆಗುತ್ತದೆ.

ವೇಲಾಯುಧನ್ ಅವರೂ ಸಾರ್ವಜನಿಕ ಕೆಲಸದಲ್ಲಿ ಮುಳುಗಿದ್ದವರು. ಗಣರಾಜ್ಯದ ಆರಂಭದಲ್ಲಿದ್ದ ತಾತ್ಕಾಲಿಕ ಸಂಸತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದರು. 1952ರಲ್ಲಿ ವೇಲಾಯುಧನ್ ಮೊದಲ ಲೋಕಸಭೆಗೆ ಆಯ್ಕೆಯಾದರು. ಐವರು ಮಕ್ಕಳ ಸಂಸಾರ. ದಾಕ್ಷಾಯಣಿ ಮುಂದೆ ಸಂಸತ್ತಿನಿಂದ ದೂರವಾದರೂ ಕೆಲಸದಿಂದ ದೂರವಾಗಲಿಲ್ಲ. ದೆಹಲಿಯಲ್ಲಿ ಕಸ ಗುಡಿಸುವ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದರು, 1977ರಲ್ಲಿ ಮಹಿಳೆಯರ ಸಂಘಟನೆಯೊಂದನ್ನು ಕಟ್ಟಿದರು, ಮರುವರುಷ ತೀರಿಕೊಂಡರು. ಇಂದು ಕೇರಳ ಸರಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ವೇಲಾಯುಧನ್ ಅವರ ಹೆಸರನ್ನು ನಾನು ಕೇಳಿದಾಗ ಕೊಚ್ಚಿಯ ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ‘ದಾಕ್ಷಾಯಣಿಯವರ ಗಂಡ’ ಎಂದರು, ಅಷ್ಟೆ. ಇಲ್ಲಿ ಮರೆಗೆ ಸರಿದದ್ದು ಗಂಡಿನ ಹೆಸರು. ಹಾಗಾಗಿ ಇದು ಹೆಣ್ಣಿಗೆ ಮಾತ್ರ ಆಗುವ ಅನ್ಯಾಯ ಎಂದು ತೀರ್ಮಾನಿಸುವಂತಿಲ್ಲ. ನೆನಪಿಗೆ ಒಂದು ಹೆಸರು ಸಾಕು, ಎರಡನೆಯದನ್ನು ಅದು ಹೊರಲಾರದು ಎಂದೇ ತೋರುತ್ತದೆ. ಎರಡನೆಯದು ಹೆಚ್ಚಾಗಿ ಹೆಣ್ಣಿನದಾಗಿರುತ್ತದೆ ಎಂಬುದು ಬೇರೆ ಮಾತು. ಅದು ನನಗೆ ಸ್ಪಷ್ಟವಾದದ್ದು ತಿರುವನಂತಪುರಕ್ಕೆ ಬಂದ ಮೇಲೆ.

ತಿರುವನಂತಪುರದಲ್ಲಿ ನಮಗೆ ಬಾಡಿಗೆಗೆ ಸಿಕ್ಕಿದ್ದು ಗಿಲಾಯಿ ಮಾಡದ ಇಟ್ಟಿಗೆಯ ಮನೆ. ‘ಬೇಕರ್ ಮಾದರಿಯ ಮನೆ’ ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದ್ದರು. ಕಿಟಕಿ ಇರಬೇಕಾದ ಕಡೆಗಳಲ್ಲಿ ಅರ್ಧದಷ್ಟು ಇಟ್ಟಿಗೆಯ ಜಾಲರಿ. ಒಳಗೆ ಮಲಗಿ ಮೇಲೆ ನೋಡಿದರೆ ತಾರಸಿಯ ಕಾಂಕ್ರೀಟಿನ ನಡುವೆ ಸಾಲಾಗಿ ಹುದುಗಿದ ಮಂಗಳೂರು ಹಂಚುಗಳು. ನಮ್ಮ ಊರಿನ ಮಾಡಿನ ಮೇಲಿರುವ ಹಂಚು ಇಲ್ಲಿ ಮಾಡಿನ ಒಳಗೆ! 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸುಡಲು ತೊಡಗಿದ ಹಂಚು ಇಲ್ಲಿಯವರೆಗೆ ಬಂದು, ಹೀಗೆ ಬೇರೆ ಕೆಲಸಕ್ಕೆ ಸೇರಿಕೊಂಡಿದ್ದನ್ನು ಕಂಡು ದೂರದ ನೆಂಟರನ್ನು ಕಂಡಷ್ಟು ಸಂತೋಷವಾಯಿತು.

ಮಳೆಗಾಲಕ್ಕೆ ಮುನ್ನ ರಿಪೇರಿಗೆ ಬಂದ ಮುದುಕ ಮೇಸ್ತ್ರಿ ಅದರ ಗುಟ್ಟನ್ನು ನನಗೆ ವಿವರಿಸಿದರು. ತಾರಸಿಯ ಮೇಲೆ ಭಾರ ಬಿದ್ದಾಗ ಅದರ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಹಿಗ್ಗುತ್ತದೆ. ಹಿಗ್ಗುವುದನ್ನು ತಡೆಯುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಮತ್ತೇಕೆ ಅಲ್ಲಿ ಸಿಮೆಂಟು ಸುರಿಯಬೇಕು? ಕಬ್ಬಿಣದ ಸರಳುಗಳ ನಡುವೆ ಹಂಚು ಇಟ್ಟರಾಯಿತು. ಖರ್ಚು ಕಡಿಮೆ, ಭಾರ ಕಡಿಮೆ, ಮನೆಯೂ ತಂಪು. ಗೋಡೆಯ ಕತೆಯೂ ಹಾಗೆಯೇ. ಇಟ್ಟಿಗೆಯನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸಿ ಕಟ್ಟುವುದು. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಪೊಳ್ಳು. ಅಲ್ಲಲ್ಲಿ ಅಡ್ಡ ಇಟ್ಟಿಗೆ ಎರಡನ್ನೂ ಹಿಡಿದು ನಿಲ್ಲಿಸುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ. ‘ಎರಡು ಗೋಡೆ ತೀರಾ ಅಂಟಿಕೊಂಡರೆ ಬಿಸಿಲು ಒಳಗೆ ಬರುತ್ತದೆ ಮೇಡಂ, ನಡುವೆ ಗಾಳಿ ಬೇಕು’ ಎಂದರು ಮೇಸ್ತ್ರಿ.

ಈ ಮನೆಯಲ್ಲಿ ತೊಂದರೆಗಳೂ ಇದ್ದವು. ಜಾಲರಿಯಿಂದ ಗಾಳಿಯ ಜೊತೆ ಸೊಳ್ಳೆಗಳೂ ಬರುತ್ತಿದ್ದವು. ಇಟ್ಟಿಗೆಯ ಸಂದುಗಳಲ್ಲಿ ಜೇಡ ಎಂದೂ ಬಿಡುವು ಪಡೆಯುತ್ತಿರಲಿಲ್ಲ. ಬಿಳಿ ಸೀರೆಯುಟ್ಟು ಗೋಡೆಗೆ ಒರಗಿದರೆ ಬೆನ್ನು ಕೆಂಪಾಗುತ್ತಿತ್ತು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗಿನಿಂದ ಬಂದು ಒಳಗೆ ಕಾಲಿಟ್ಟಾಗ ಆಗುತ್ತಿದ್ದ ತಂಪಿಗಾಗಿ ಇದನ್ನೆಲ್ಲ ಸಹಿಸಬಹುದಾಗಿತ್ತು. ಈ ಮನೆಯಿಂದಾಗಿ ನಾನು ಲಾರಿ ಬೇಕರ್ ಯಾರೆಂದು ಓದತೊಡಗಿದೆ. ಓದುತ್ತ ಹೋದಂತೆ ನನ್ನ ಗಮನ ಅವರ ಪತ್ನಿ ಡಾ. ಎಲಿಜಬೆತ್ ಅವರ ಕಡೆಗೆ ಹೊರಳಿತು.

ಲಾರಿ ಬೇಕರ್ ಹುಟ್ಟಿದ್ದು 1917ರ ಮಾರ್ಚ್ 2ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿಯೇ ವಾಸ್ತುಶಿಲ್ಪ ಕಲಿತರು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರಾದ್ದರಿಂದ ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ, ಗಾಯಾಳುಗಳ ಸೇವೆ ಮಾಡುವ ದಳವನ್ನು ಸೇರಿ ಚೀನಾಕ್ಕೆ ಹೋದರು. ಅಲ್ಲಿ ಕುಷ್ಠರೋಗಿಗಳ ಶುಶ್ರೂಷೆಯನ್ನೂ ಮಾಡಿದರು. ಆರೋಗ್ಯ ಕೆಟ್ಟು ಊರಿಗೆ ಮರಳುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕೆಲವು ತಿಂಗಳು ಕಾಯಬೇಕಾಯಿತು. ಆಗ ಗಾಂಧೀಜಿಯ ಭೇಟಿ. ಚಿಂದಿ ಬಟ್ಟೆಯಿಂದ ಹೊಲಿದ ಅವರ ಪಾದರಕ್ಷೆ ಗಾಂಧೀಜಿಯ ಕಣ್ಣಿಗೆ ಬಿದ್ದು ಮಾತು ಬೆಳೆಯಿತು ಎಂದು ಹೇಳುತ್ತಾರೆ. ಮನೆಯನ್ನು ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದಲೇ ಕಟ್ಟಬೇಕು ಎಂಬ ಗಾಂಧೀಜಿಯ ವಿಚಾರ ಅವರ ಮನಸ್ಸಿನಲ್ಲಿ ಉಳಿಯಿತು. 1945ರಲ್ಲಿ ಅವರು ಭಾರತಕ್ಕೆ ಮರಳಿ ಬಂದದ್ದು ಕುಷ್ಠರೋಗಿಗಳಿಗಾಗಿ ದುಡಿಯುತ್ತಿದ್ದ ಮಿಷನ್ ಒಂದರ ಕಟ್ಟಡಗಳ ಕೆಲಸಕ್ಕೆ. ಸೇವಾಗ್ರಾಮದ ಆ ಮದುವೆಯಲ್ಲಿ ಪುರೋಹಿತರಾಗಿ ಕುಳಿತಿದ್ದವರನ್ನು ನೆನಪಿಸಿಕೊಳ್ಳಿ. ನಾನು ಹೇಳುತ್ತಿರುವ ಎರಡೂ ದಾಂಪತ್ಯಗಳು ಆರಂಭವಾಗುವ ಕಡೆ ಲೋಕ ದೂರವಿಟ್ಟ ಈ ರೋಗಿಗಳಿದ್ದಾರೆ.

ಉತ್ತರ ಪ್ರದೇಶದ ಫೈಜಾಬಾದಿನಲ್ಲಿ ಬೇಕರ್ ಉಳಿದುಕೊಂಡದ್ದು ಕೇರಳದ ಡಾಕ್ಟರ್ ಪಿ.ಜೆ. ಚಾಂಡಿ ಅವರ ಮನೆಯಲ್ಲಿ. ಚಾಂಡಿಯವರು ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಆಸ್ಪತ್ರೆಯನ್ನು ನೋಡಿಕೊಳ್ಳಲು ಹೈದರಾಬಾದಿನಿಂದ ಬಂದವರು ಅವರ ತಂಗಿ ಎಲಿಜಬೆತ್ ಜೇಕಬ್, ಅವರೂ ವೈದ್ಯೆ. ಇಬ್ಬರ ನಂಬಿಕೆಗಳೂ ಕೆಲಸವೂ ಒಂದೇ ದಿಕ್ಕಿನವು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಆದರೆ ಎರಡೂ ಕುಟುಂಬಗಳಿಂದ ವಿರೋಧ ಬಂತು. ಇಬ್ಬರೂ ಜಗಳವಾಡಲಿಲ್ಲ, ಓಡಿಹೋಗಲೂ ಇಲ್ಲ, ಕಾದರು. ಅಪರೂಪಕ್ಕೊಮ್ಮೆ ಭೇಟಿ, ಉಳಿದಂತೆ ತಮ್ಮ ತಮ್ಮ ಕೆಲಸ. 1948ರಲ್ಲಿ ಮದುವೆಯಾಯಿತು.

ಮದುವೆಯ ನಂತರ ವಿಹಾರಕ್ಕೆಂದು ಅವರು ಹೋದದ್ದು ಹಿಮಾಲಯದ ಕುಮಾವೂಂ ಸೀಮೆಯ ಪಿಥೋರಗಢಕ್ಕೆ. ನೇಪಾಳ, ಟಿಬೆಟ್ ಗಡಿಗಳ ಬಳಿಯ ಗುಡ್ಡಗಾಡು. ಬಂದ ಹೆಣ್ಣುಮಗಳು ಡಾಕ್ಟರು ಎಂಬ ಸುದ್ದಿ ಹಳ್ಳಿಗಳಿಗೆ ಹರಡಿದ ಕೂಡಲೇ ಜನ ಗುಂಪು ಗುಂಪಾಗಿ ಬರತೊಡಗಿದರು. ಅವರನ್ನು ಬಿಟ್ಟು ಹೇಗೆ ಹೊರಡುವುದು? ದಂಪತಿಗಳು ಹೊರಡಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಮನೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಕೊಂಡು ಸುಮಾರು ಹದಿನೈದು ವರುಷ ಅಲ್ಲಿಯೇ ಉಳಿದರು.

ಈ ಹದಿನೈದು ವರುಷಗಳೇ ನನಗೆ ಈ ದಾಂಪತ್ಯದ ತಿರುಳು ಎನಿಸುತ್ತದೆ. ಬೇಕರ್ ಬಗೆಗಿನ ಬರಹಗಳು ಸಾಮಾನ್ಯವಾಗಿ ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಕೇರಳದ ಕಟ್ಟಡಗಳ ಕಡೆಗೆ ಧಾವಿಸುತ್ತವೆ. ಆದರೆ ಆ ಕಾಲದಲ್ಲಿ ಮುಖ್ಯ ಕೆಲಸ ಹೆಂಡತಿಯದು. ರೋಗಿಗಳು ಹುಡುಕಿಕೊಂಡು ಬರುತ್ತಿದ್ದದ್ದು ಎಲಿಜಬೆತ್ ಅವರನ್ನು. ಗಂಡ ಆ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಮಾಡಿದರು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅರಿವಳಿಕೆ ಕೊಟ್ಟರು, ಬೇಕಾದಾಗ ಗೋಡೆ ಕಟ್ಟಿದರು. ವಿಲಾಯತಿಯಲ್ಲಿ ಪದವಿ ಪಡೆದ ವಾಸ್ತುಶಿಲ್ಪಿ, ತನ್ನ ಮೂವತ್ತೊಂದನೆಯ ವಯಸ್ಸಿನಿಂದ ನಲವತ್ತಾರರವರೆಗೆ, ಒಬ್ಬ ವೃತ್ತಿಗಾರನ ಅತ್ಯುತ್ತಮ ವರುಷಗಳಲ್ಲಿ, ಹೆಂಡತಿಯ ವೃತ್ತಿಗೆ ಸಹಾಯಕನಾಗಿದ್ದ. ಇದನ್ನು ತ್ಯಾಗವೆಂದು ಅವರು ಭಾವಿಸಿದಂತೆ ಕಾಣುವುದಿಲ್ಲ. ಅಲ್ಲಿಯ ಕಲ್ಲು, ಮರ, ಮಣ್ಣುಗಳಲ್ಲಿ ಹಳ್ಳಿಯ ಕೆಲಸಗಾರರು ಕಟ್ಟುವ ರೀತಿಯನ್ನು ಅವರು ನೋಡುತ್ತ ಕಲಿತರು. ಬರ್ಮಿಂಗ್‌ಹ್ಯಾಮಿನಲ್ಲಿ ಕಲಿತದ್ದು ಭಾರತದ ಮಳೆ, ಗೆದ್ದಲು, ಸೆಗಣಿ, ಬಡತನಗಳ ಎದುರು ಹೆಚ್ಚೇನೂ ಉಪಯೋಗಕ್ಕೆ ಬಾರದೆಂದು ಅವರಿಗೆ ಗೊತ್ತಾದದ್ದು ಈ ಕಾಲದಲ್ಲಿಯೇ. ಮುಂದೆ ತಿರುವನಂತಪುರದಲ್ಲಿ ಜನ ಬೆರಗಾಗಿ ನೋಡಿದ ಮಿತವ್ಯಯದ ಕಟ್ಟಡ ವಿದ್ಯೆಗೆ ಗುರುಕುಲವಾದದ್ದು ಎಲಿಜಬೆತ್ ಅವರ ಆಸ್ಪತ್ರೆಯ ಆವರಣ. ರೋಗಿಯನ್ನು ನೋಡಿ, ಅವನ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಕೇಳಿ, ಅವನ ಕೈಗೆಟುಕುವ ಮದ್ದು ಕೊಡುವುದು ಒಳ್ಳೆಯ ಹಳ್ಳಿ ಡಾಕ್ಟರರ ಕ್ರಮ. ಬೇಕರ್ ಮನೆ ಕಟ್ಟಿಸುವವರ ಜೊತೆ ನಡೆದುಕೊಂಡದ್ದೂ ಹಾಗೆಯೇ. ಮನೆಯಲ್ಲಿ ಎಷ್ಟು ಜನ, ಮುದುಕರು ಎಲ್ಲಿ ಮಲಗುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ, ಕೈಯಲ್ಲಿ ಎಷ್ಟು ಹಣವಿದೆ ಎಂದು ವಿಚಾರಿಸದೆ ಅವರು ಗೆರೆ ಎಳೆಯುತ್ತಿರಲಿಲ್ಲ. ಎಳೆಯುವುದಾದರೂ ಎಲ್ಲಿ? ಹಳೆಯ ಲಕೋಟೆಯ ಬೆನ್ನಿನ ಮೇಲೆ.

1963ರಲ್ಲಿ ದಂಪತಿಗಳು ಮೂವರು ಮಕ್ಕಳೊಡನೆ ಕೇರಳಕ್ಕೆ, ವಾಗಮನ್ ಬೆಟ್ಟಕ್ಕೆ ಬಂದರು. ಅಲ್ಲಿಯೂ ಆಸ್ಪತ್ರೆಯೇ. 1970ರ ಹೊತ್ತಿಗೆ ತಿರುವನಂತಪುರ. ನಗರದ ಹೊರವಲಯದ ನಾಲಾಂಚಿರದಲ್ಲಿ, ಯಾರೂ ಮನೆ ಕಟ್ಟಲು ಬಯಸದ ಕಡಿದಾದ ಬಂಡೆಯ ಇಳಿಜಾರಿನಲ್ಲಿ ಅವರು ನೆಲೆನಿಂತರು. ಮೊದಲಿಗಿದ್ದದ್ದು ಒಂದು ಪುಟ್ಟ ಮರದ ಗುಡಿಸಲು. ಸಂಸಾರದ ಅಗತ್ಯಕ್ಕೆ ತಕ್ಕಂತೆ ಅದಕ್ಕೊಂದು ಕೋಣೆ, ಇದಕ್ಕೊಂದು ಅಂಗಳ ಸೇರುತ್ತ ಹೋದವು. ಬೇರೆಯವರು ಕೆಡವಿದ ಹಳೆಯ ಮನೆಗಳ ಕೆತ್ತನೆಯ ಬಾಗಿಲು, ಒಡೆದ ಹಂಚು, ಬಣ್ಣದ ಬಾಟಲಿ ಎಲ್ಲವೂ ಅಲ್ಲಿ ಗೋಡೆಯಾದವು, ಬೆಳಕಾದವು. ಬಂಡೆಯನ್ನು ಒಡೆಯಲಿಲ್ಲ, ಮರ ಕಡಿಯಲಿಲ್ಲ. ಮನೆಗೆ ಇಟ್ಟ ಹೆಸರು ‘ದಿ ಹ್ಯಾಮ್ಲೆಟ್’. ಚಿಕ್ಕ ಹಳ್ಳಿ ಎಂದರ್ಥ.

ಆಮೇಲಿನ ಕತೆ ಬಹುಪಾಲು ಎಲ್ಲರಿಗೂ ಗೊತ್ತಿರುವುದೇ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು ಉಳ್ಳೂರಿನಲ್ಲಿ ಆರಂಭಿಸಿದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣವನ್ನು ಬೇಕರ್ ಕಟ್ಟಿದರು. ಪೂಂತುರದ ಮೀನುಗಾರರಿಗಾಗಿ ಅವರು ಕಟ್ಟಿದ ಮನೆಗಳು ಒಂದರ ಹಿಂದೊಂದು ನೇರ ಸಾಲಿನಲ್ಲಿಲ್ಲ, ಸ್ವಲ್ಪ ಸ್ವಲ್ಪ ಸರಿದು ನಿಂತಿವೆ: ಪ್ರತಿ ಮನೆಗೂ ಕಡಲ ಗಾಳಿ ಸಿಗಬೇಕು, ಅಂಗಳದಲ್ಲಿ ಬಲೆ ಹರವಲು ಜಾಗವಿರಬೇಕು. ಚೆಂಗಲ್‌ಚೂಳದ ಕೊಳೆಗೇರಿಯವರಿಗಾಗಿ ಮನೆಗಳನ್ನು ಕಟ್ಟಿದರು. 1985ರಲ್ಲಿ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೇನೋನ್, ಕೆ.ಎನ್. ರಾಜ್, ಟಿ.ಆರ್. ಚಂದ್ರದತ್ ಅವರೊಡನೆ ಸೇರಿ ‘ಕಾಸ್ಟ್‌ಫೋರ್ಡ್’ ಸಂಸ್ಥೆಯನ್ನು ಆರಂಭಿಸಿದರು; ಬಡವರ ಮನೆ ಕಟ್ಟುವ ಕೆಲಸವನ್ನು ಅದು ಇಂದಿಗೂ ಮುಂದುವರಿಸುತ್ತಿದೆ. ಅತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತನದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡವೂ ಮಣ್ಣಿನ ಇಟ್ಟಿಗೆಯ ಬಗ್ಗೆ ಇಂಥದೇ ಯೋಚನೆಯಲ್ಲಿ ತೊಡಗಿತ್ತು ಎಂಬುದನ್ನು ಕನ್ನಡಿಗರು ನೆನೆಯಬಹುದು. ಬೇಕರ್ ಭಾರತದ ಪೌರತ್ವ ಪಡೆದರು. 1990ರಲ್ಲಿ ಪದ್ಮಶ್ರೀ ಬಂತು. 2007ರ ಏಪ್ರಿಲ್ 1ರಂದು, ತೊಂಬತ್ತು ತುಂಬಿದ ಮರುತಿಂಗಳು, ತಿರುವನಂತಪುರದಲ್ಲಿ ತೀರಿಕೊಂಡರು.

ಎಲಿಜಬೆತ್ ಅವರ ಹೆಸರಿನಲ್ಲಿ ನಾನು ಹುಡುಕಿದಾಗ ಸಿಕ್ಕಿದ್ದು ಒಂದು ಪುಸ್ತಕ: ‘ದಿ ಅದರ್ ಸೈಡ್ ಆಫ್ ಲಾರಿ ಬೇಕರ್’. ಅವರು ಬರೆದ ನೆನಪುಗಳು. ಪುಸ್ತಕದ ಹೆಸರಿನಲ್ಲಿಯೂ ಗಂಡನೇ! ಮೊದಲು ನನಗೆ ಸ್ವಲ್ಪ ಬೇಸರವಾಯಿತು. ಗುಡ್ಡಗಾಡಿನ ರೋಗಿಗಳನ್ನು ವರುಷಗಟ್ಟಲೆ ನೋಡಿದ ವೈದ್ಯೆ ತನ್ನ ಆಸ್ಪತ್ರೆಯ ಹೆಸರನ್ನು ಮುಖಪುಟದಲ್ಲಿ ಇಡಬಾರದಿತ್ತೇ? ಆಮೇಲೆ ಯೋಚಿಸಿದೆ. ಲೋಕ ಕಂಡ ಕಡೆ ಒಂದಾದರೆ, ಕಾಣದ ಇನ್ನೊಂದು ಕಡೆಯಿದೆ ಎಂದು ಅವರು ಹೇಳುತ್ತಿದ್ದಾರೆ. ಆ ಇನ್ನೊಂದು ಕಡೆ ಯಾವುದು? ಸಂಸಾರವೂ ಆಸ್ಪತ್ರೆಯೂ ಒಂದೇ ಆಗಿದ್ದ ಆ ಮನೆ. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಅಂದಂದಿನ ಕೆಲಸವೇ ನಿರ್ಧರಿಸುತ್ತಿತ್ತು.

ಇದೆಲ್ಲ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾಗಲು ಮನೆಯದೇ ಒಂದು ಕಾರಣವಿದೆ. ನನ್ನ ಅಪ್ಪ ಗಡಿಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮೇಷ್ಟ್ರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ದಡದ ಮಕ್ಕಳಿಗೆ ಶಾಲೆ ತಪ್ಪುತ್ತಿತ್ತು. ಹಾಗೆ ತಪ್ಪಬಾರದೆಂದು ಅಪ್ಪ ಅಂಥ ಹುಡುಗರನ್ನು ಮನೆಗೆ ಕರೆತಂದು ಇರಿಸಿಕೊಳ್ಳುತ್ತಿದ್ದರು. ಕೆಲವು ವರುಷ ಇಬ್ಬರು, ಕೆಲವು ವರುಷ ಆರು ಜನ. ಜೂನ್‌ನಲ್ಲಿ ಬಂದವರು ನವರಾತ್ರಿಯ ಹೊತ್ತಿಗೆ ಮರಳುತ್ತಿದ್ದರು. ಒಂದಿಬ್ಬರು ಹತ್ತನೆಯ ತರಗತಿ ಮುಗಿಯುವವರೆಗೂ ಉಳಿದದ್ದುಂಟು. ಜಾತಿ ಕೇಳಿ ಒಳಗೆ ಬಿಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅದಕ್ಕಾಗಿ ನೆಂಟರಲ್ಲಿ ಕೆಲವರು ನಮ್ಮಲ್ಲಿ ಊಟ ಮಾಡುವುದನ್ನು ಬಿಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಊರಿನವರು ನುಡಿನಮನದ ಸಭೆ ನಡೆಸಿದರು. ಒಂಬತ್ತು ಜನ ಮಾತಾಡಿದರು. ಅವರಲ್ಲಿ ಮೂವರು ನಮ್ಮ ಮನೆಯ ಗಂಜಿ ಉಂಡು ಓದಿದವರು. ಮೇಷ್ಟ್ರ ದೊಡ್ಡ ಮನಸ್ಸನ್ನು ಕಣ್ಣೀರಿಟ್ಟು ಹೊಗಳಿದರು. ಅಮ್ಮ ಮೊದಲ ಸಾಲಿನಲ್ಲಿ ಕುಳಿತಿದ್ದರು. ಅವರ ಹೆಸರನ್ನು ಒಬ್ಬರೂ ಹೇಳಲಿಲ್ಲ.

ನನಗಾದ ನೋವನ್ನು ಅಮ್ಮನ ಬಳಿ ಹೇಳಿದಾಗ ಅವರು ನಕ್ಕರು. “ಅಪ್ಪ ಕರ್ಕೊಂಡು ಬಂದರು, ನಾನು ಒಂದು ಕುಡ್ತೆ ಅಕ್ಕಿ ಹೆಚ್ಚು ಹಾಕಿದೆ, ಅಷ್ಟೇ ಅಲ್ವ ಮಗಾ” ಎಂದರು. ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತು. ಮೇಷ್ಟ್ರ ಸಂಬಳದಲ್ಲಿ ಆ ಹೆಚ್ಚಿನ ಅಕ್ಕಿ ಎಲ್ಲಿಂದ ಬರಬೇಕು ಎಂಬ ಲೆಕ್ಕ ಅಮ್ಮನದು. ಆಟಿ ತಿಂಗಳಿಗೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ, ಒಣಗಿಸಿಟ್ಟ ಹಪ್ಪಳ ಎಲ್ಲವೂ ಆ ಲೆಕ್ಕದ ಒಳಗಿನವು. ಒದ್ದೆ ಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು, ಜ್ವರ ಬಂದವನಿಗೆ ಕಷಾಯ, ಮನೆ ನೆನಪಾಗಿ ಅಳುವವನಿಗೆ ರಾತ್ರಿ ಪಕ್ಕದಲ್ಲಿ ಜಾಗ. ಅಪ್ಪ ಕರೆತಂದದ್ದು ಒಂದು ಕ್ಷಣದ ನಿರ್ಧಾರ. ಅದನ್ನು ಮೂರು ತಿಂಗಳು ದಿನವೂ ನಡೆಸಿದವರು ಅಮ್ಮ. ಹಾಗೆಂದು ಅಪ್ಪನ ಪಾಲು ಚಿಕ್ಕದೆಂದು ನಾನು ಹೇಳುತ್ತಿಲ್ಲ. ಕರೆತರುವ ಧೈರ್ಯವಿಲ್ಲದಿದ್ದರೆ ಬೇಯಿಸುವ ಕೈಗೆ ಕೆಲಸವೇ ಇರುತ್ತಿರಲಿಲ್ಲ. ನನ್ನ ಮಾತು ಇಷ್ಟೇ: ಸೇವೆ ಎಂಬುದು ಮನೆಯೊಳಗೆ ಬಂದಾಗ ಅದನ್ನು ಒಬ್ಬರು ಮಾಡಲು ಸಾಧ್ಯವೇ ಇಲ್ಲ. ಅದು ಇಡೀ ಸಂಸಾರದ ಅನ್ನದ ಪಾತ್ರೆಯಿಂದ ತೆಗೆದುಕೊಡುವ ಪಾಲು. ನಾವು ಮಕ್ಕಳೂ ನಮ್ಮ ಪಾಲಿನ ಹಪ್ಪಳದಲ್ಲಿ ಅರ್ಧ ಕೊಟ್ಟಿದ್ದೇವೆ, ಯಾವಾಗಲೂ ಸಂತೋಷದಿಂದಲ್ಲ.

ಅಪ್ಪ ಇದ್ದಾಗ ಒಮ್ಮೆ ಇಬ್ಬರೂ ತಿರುವನಂತಪುರಕ್ಕೆ ಬಂದಿದ್ದರು. ರೈಲು ಇಳಿದವರನ್ನು ತಂಬಾನೂರಿನ ಇಂಡಿಯನ್ ಕಾಫಿ ಹೌಸಿಗೆ ಕರೆದೊಯ್ದೆ. ಅದೂ ಬೇಕರ್ ಕಟ್ಟಿದ್ದೇ. ಕೆಂಪು ಇಟ್ಟಿಗೆಯ ದುಂಡನೆಯ ಗೋಪುರ. ಒಳಗೆ ಮಹಡಿಗಳಿಲ್ಲ, ಮೆಟ್ಟಿಲುಗಳಿಲ್ಲ, ಬಳಸುತ್ತ ಬಳಸುತ್ತ ಮೇಲೇರುವ ಒಂದೇ ಇಳಿಜಾರು ನೆಲ. ಹೊರಗೋಡೆಯ ಜಾಲರಿಯ ಬದಿಯಲ್ಲಿ ಉದ್ದಕ್ಕೂ ಮೇಜುಗಳು. ಅಪ್ಪ ಕಟ್ಟಡದ ಚಮತ್ಕಾರವನ್ನು ಮೆಚ್ಚಿಕೊಂಡು, ಇಟ್ಟಿಗೆಗಳನ್ನು ಎಣಿಸುವಂತೆ ನೋಡುತ್ತ ಕುಳಿತರು. ಅಮ್ಮ, ಬಿಳಿಯ ಪೇಟ ತೊಟ್ಟು ತಟ್ಟೆಗಳನ್ನು ಹೊತ್ತು ಆ ಇಳಿಜಾರನ್ನು ಏರಿಳಿಯುತ್ತಿದ್ದ ಪರಿಚಾರಕರನ್ನೇ ನೋಡುತ್ತಿದ್ದರು. “ಪಾಪ, ದಿನಕ್ಕೆ ಎಷ್ಟು ಸಲ ಹತ್ತುತ್ತಾರೋ ಇವರು” ಎಂದರು. ಒಂದೇ ಕಟ್ಟಡವನ್ನು ಇಬ್ಬರೂ ಎರಡು ಬಗೆಯಲ್ಲಿ ಕಂಡರು. ನಮ್ಮ ಮನೆ ನಡೆದದ್ದು ಈ ಎರಡು ನೋಟಗಳೂ ಇದ್ದುದರಿಂದ ಎಂದು ನನಗೆ ಈಗ ಅನಿಸುತ್ತದೆ.

ದಾಂಪತ್ಯದ ಸೇವೆಯನ್ನು ಹೊಗಳುವಾಗ ನಾವು ‘ಇಬ್ಬರೂ ಒಂದೇ ಜೀವವಾಗಿದ್ದರು’ ಎನ್ನುತ್ತೇವೆ. ದಾಕ್ಷಾಯಣಿ ಮತ್ತು ವೇಲಾಯುಧನ್, ಎಲಿಜಬೆತ್ ಮತ್ತು ಲಾರಿ ಬೇಕರ್, ಇವರನ್ನು ಓದಿದಷ್ಟೂ ಆ ಮಾತಿನ ಮೇಲೆ ನನ್ನ ನಂಬಿಕೆ ಕಡಿಮೆಯಾಗಿದೆ. ಒಬ್ಬರು ರಸಾಯನಶಾಸ್ತ್ರ ಓದಿ ರಾಜಕೀಯಕ್ಕೆ ಬಂದವರು, ಅವರ ಪತಿಗೆ ಅವರದೇ ಆದ ರಾಜಕೀಯ. ಒಬ್ಬರು ವೈದ್ಯೆ, ಅವರ ಪತಿ ಕಟ್ಟಡ ಕಟ್ಟುವವರು. ಯಾರೂ ಯಾರೊಳಗೂ ಕರಗಲಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಜಾಗ ಬಿಟ್ಟರು, ಸರದಿ ಬಂದಾಗ ಹೆಗಲು ಕೊಟ್ಟರು. ನಮ್ಮ ಮೇಸ್ತ್ರಿ ಗೋಡೆಯ ಬಗ್ಗೆ ಹೇಳಿದ್ದು ಇದಕ್ಕೂ ಹೊಂದುತ್ತದೆ.

ಅಪ್ಪನ ವರುಷಾಂತಿಕದ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಒಂದು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯಿಸಿ ನನ್ನಿಂದಲೂ ಲೇಖನ ಕೇಳಿದರು. ನಾನು ಆ ಮಳೆಗಾಲಗಳ ಬಗ್ಗೆ ಬರೆದೆ. ಎಷ್ಟು ಅಕ್ಕಿ, ಎಷ್ಟು ಹಪ್ಪಳ, ಎಷ್ಟು ಒದ್ದೆ ಬಟ್ಟೆ ಎಂದು ನೆನಪಿದ್ದಷ್ಟನ್ನು ಲೆಕ್ಕವಿಟ್ಟು, ಅಪ್ಪ ಅಮ್ಮ ಇಬ್ಬರ ಹೆಸರನ್ನೂ ತಲೆಬರಹದಲ್ಲಿ ಹಾಕಿದೆ. ಸಂಪಾದಕರು ಎರಡನೆಯ ಹೆಸರನ್ನು ತೆಗೆಯಬಹುದೇ ಎಂದು ಕೇಳಿದರು; ಸಂಚಿಕೆ ಮೇಷ್ಟ್ರ ಬಗ್ಗೆ ಅಲ್ಲವೇ ಎಂದರು. ಆಗ ನಾನು ಪಿಥೋರಗಢದ ಆಸ್ಪತ್ರೆಯ ಕತೆಯನ್ನು ಅವರಿಗೆ ಫೋನಿನಲ್ಲಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಎರಡು ಮಳೆಗಾಲ ನಿಮ್ಮಲ್ಲಿ ಉಂಡವನೇ ಅಕ್ಕ” ಎಂದರು. ಹೆಸರು ಉಳಿಯಿತು.

ಅಚ್ಚಾಗಿ ಬಂದ ಸಂಚಿಕೆಯನ್ನು ಅಮ್ಮ ಕನ್ನಡಕ ಹಾಕಿಕೊಂಡು ಎರಡು ದಿನ ಓದಿದರು. ತಮ್ಮ ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. ಹುಡುಗರ ಪಟ್ಟಿಯಲ್ಲಿ ಒಬ್ಬನ ಹೆಸರು ಬಿಟ್ಟುಹೋಗಿದೆ, ಮುಂದಿನ ಸಲ ಸೇರಿಸಲು ಹೇಳು ಎಂದರು.